“ಅಸಲಿ ಎಸ್‌ಎಸ್ಸಾ?” ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಡೆಟ್ರಾಯ್ಟ್ ಪಕ್ಕದ ನಮ್ಮ ಮನೆಯ ಗ್ಯಾರೇಜಿನಲ್ಲಿ 1969ರ ಶೆವ್ರೊಲೆ ಕಮಾರೊ ಒಂದಿದೆ. ಏಳು ವರ್ಷ ಬಿಚ್ಚಿ, ಬೆಸೆದು, ಓಡಿಸಿದ ಕಾರು. ಈ ವಾರ ಮಾರಾಟಕ್ಕೆ ಇಟ್ಟಿದ್ದೇನೆ. ಫೋಟೊ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಫೋನ್ ಬಂತು. ಆ ಕಡೆಯವರು ಹೆಸರೂ ಹೇಳದೆ ಕೇಳಿದ್ದು ಒಂದೇ ಮಾತು: “ಅಸಲಿ ಎಸ್‌ಎಸ್ಸಾ?”

ಈ ಪ್ರಶ್ನೆ ನನಗೆ ಹೊಸದಲ್ಲ. ಗ್ಯಾಸ್ ಸ್ಟೇಷನ್ನಿನಲ್ಲಿ, ವುಡ್‌ವರ್ಡ್ ಅವೆನ್ಯೂ ಸಿಗ್ನಲ್ಲಿನಲ್ಲಿ, ಕನ್ನಡ ಕೂಟದ ಬೇಸಿಗೆ ಪಿಕ್ನಿಕ್‌ನಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದವರು, ಎಲ್ಲರೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಅಲ್ಲ. ಇದು ಅಸಲಿ ಎಸ್‌ಎಸ್ ಅಲ್ಲ.

ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್. ಕಾರು ಆರ್ಡರ್ ಮಾಡುವಾಗ ಹೆಚ್ಚು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಿದ್ದ ಪ್ಯಾಕೇಜ್. 1969ರಲ್ಲಿ ಅದು 300 ಅಶ್ವಶಕ್ತಿಯ 350 ಘನ ಇಂಚಿನ ಎಂಜಿನ್ನಿನಿಂದ ಶುರುವಾಗುತ್ತಿತ್ತು. ಅದರ ಮೇಲೆ 396 ಇತ್ತು. ಆ ವರ್ಷ ತಯಾರಾದ ಕಮಾರೊಗಳು 2,43,085. ಅದರಲ್ಲಿ ಬಹುಪಾಲು ನನ್ನದರಂಥ ಸಾದಾ ಕಾರುಗಳೇ. ಆಫೀಸಿಗೆ ಹೋಗಲು, ತರಕಾರಿ ತರಲು ಜನ ಕೊಂಡ ಕಾರುಗಳು. ಈಗ ಮಾರುಕಟ್ಟೆಗೆ ಹೋದರೆ ಸಾದಾ ಕಾರು ಹುಡುಕಿದರೂ ಸಿಗುವುದಿಲ್ಲ. ಎಲ್ಲದರ ಮೈಮೇಲೂ ಎಸ್‌ಎಸ್ ಬ್ಯಾಡ್ಜ್.

ಹೀಗಾಗಲು ಕಾರಣವಿದೆ. ದೊಡ್ಡ ಎಂಜಿನ್ನಿನ ಇಂಥ ವೇಗದ ಕಾರುಗಳಿಗೆ ಮಸಲ್ ಕಾರು ಅನ್ನುತ್ತಾರೆ. ಅವುಗಳ ಕಾಲ ತುಂಬ ಚಿಕ್ಕದು. 1964ರಲ್ಲಿ ಪಾಂಟಿಯಾಕ್ ಕಂಪನಿ, ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್ ಆಗಿದ್ದಾಗ, ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಇಳಿಸಿ ಜಿಟಿಒ ತಂದಿತು. ಆಮೇಲೆ ಹತ್ತು ವರ್ಷವೂ ಆ ಭರಾಟೆ ನಡೆಯಲಿಲ್ಲ. ವಿಮೆ ಕಂಪನಿಗಳು ಹುಡುಗರ ವೇಗದ ಕಾರಿಗೆ ದರ ಏರಿಸಿದವು, 1970ರ ವಾಯುಮಾಲಿನ್ಯ ಕಾಯ್ದೆ ಬಂತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಇದ್ದದ್ದು ಕೆಲವೇ ವರ್ಷ, ಉಳಿದದ್ದು ಕೆಲವೇ ಕಾರು. ಬೇಡಿಕೆ ಬಂದಾಗ ಬ್ಯಾಡ್ಜ್‌ಗೆ ಬೆಲೆ ಬಂತು, ಬೆಲೆ ಬಂದಲ್ಲಿ ನಕಲಿಯೂ ಬಂತು.

ನಾನು ಕೊಂಡಾಗ ನನ್ನ ಕಾರಿಗೂ ಎಸ್‌ಎಸ್ ಬ್ಯಾಡ್ಜ್ ಇತ್ತು. ಥಳಥಳ ಹೊಳೆಯುವ ಕೆಂಪು ಬಣ್ಣ. ಮಾರಿದವರು ಅಸಲಿ ಅಂದರು, ನಾನು ನಂಬಿದೆ. ಆ ಚಳಿಗಾಲದಲ್ಲಿ ಹಿಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಕೆಳಗೆ ತೂರಿದೆ. ಹಿಂದಿನ ಆಕ್ಸಲ್ಲಿನ ಮುಚ್ಚಳದ ಸುತ್ತ ಬೋಲ್ಟ್ ಎಣಿಸಿದೆ. ಹತ್ತು. ಗ್ರೀಸ್ ಒರೆಸಿ ಮತ್ತೆ ಎಣಿಸಿದೆ. ಹತ್ತೇ. ಎಸ್‌ಎಸ್‌ಗೆ ಬರುತ್ತಿದ್ದದ್ದು ಹನ್ನೆರಡು ಬೋಲ್ಟಿನ ಗಟ್ಟಿ ಆಕ್ಸಲ್. ಯಾರಾದರೂ ಆಕ್ಸಲ್ ಬದಲಾಯಿಸಿರಲೂಬಹುದು, ಅದೊಂದರಿಂದಲೇ ತೀರ್ಮಾನಕ್ಕೆ ಬರಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಕಾರ್ಖಾನೆಯಲ್ಲೇ ಕಾರಿಗೆ ಕೊಟ್ಟ ನಂಬರ್ ನೋಡಿದೆ. ಮುಂದಿನ ಗಾಜಿನ ಒಳಗಡೆ ಡ್ಯಾಶ್ ಮೇಲಿರುವ ಸಣ್ಣ ತಗಡು. 124379ಎನ್ ಎಂದು ಶುರುವಾಗುತ್ತದೆ. 1 ಅಂದರೆ ಶೆವ್ರೊಲೆ, 24 ಅಂದರೆ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇರುವ ಕಮಾರೊ, 37 ಅಂದರೆ ಎರಡು ಬಾಗಿಲಿನ ಕೂಪೆ, 9 ಅಂದರೆ 1969, ಎನ್ ಅಂದರೆ ಓಹಾಯೊದ ನಾರ್‌ವುಡ್ ಕಾರ್ಖಾನೆ. ಎಸ್‌ಎಸ್ ಹೌದೋ ಅಲ್ಲವೋ ಅನ್ನುವುದು ಈ ನಂಬರಿನಲ್ಲಿ ಎಲ್ಲೂ ಇಲ್ಲ. ಮೋಸ ಸಲೀಸಾಗಿ ನಡೆಯುವುದು ಇದರಿಂದಲೇ. ಇನ್ನೊಂದು ತಗಡು ಎಂಜಿನ್ ಹಿಂದಿನ ಗೋಡೆಯಲ್ಲಿರುತ್ತದೆ. ಅದರ ಮೇಲೂ ಕೆಂಪು ಬಣ್ಣ ಬಳಿದಿದ್ದರು. ಥಿನ್ನರ್ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಮೇಲೆದ್ದವು. 03ಸಿ: ಮಾರ್ಚ್ ತಿಂಗಳ ಮೂರನೇ ವಾರ. 57 57: ಮೈಗೂ ಟಾಪಿಗೂ ಫ್ಯಾದಮ್ ಗ್ರೀನ್, ಅಂದರೆ ಕಡು ಹಸಿರು. ಎಕ್ಸ್44: ಸಾದಾ ಕಾರು.

ಎರಡು ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಹೋಗಿ ಬ್ಯಾಡ್ಜ್ ಬಿಚ್ಚಿದೆ. ಅವಕ್ಕಾಗಿ ಕೊರೆದಿದ್ದ ತೂತುಗಳನ್ನು ಆಮೇಲೆ ವೆಲ್ಡ್ ಮಾಡಿಸಿ ಮುಚ್ಚಿಸಿದೆ.

ಇಲ್ಲಿಂದ ಮುಂದಿನ ಪ್ರಶ್ನೆ: ಹಾಗಾದರೆ ಹುಟ್ಟಿದಾಗ ಹೇಗಿತ್ತೋ ಹಾಗೇ ಯಾಕೆ ಮಾಡಲಿಲ್ಲ? ಹೊಸ ಎಂಜಿನ್ ಯಾಕೆ ಹಾಕಿದಿರಿ? ನನ್ನ ಅಭಿಪ್ರಾಯ ಸ್ಪಷ್ಟ. ಹುಟ್ಟಿದ ಎಂಜಿನ್ ಇನ್ನೂ ಒಳಗಿರುವ ಅಸಲಿ ಎಸ್‌ಎಸ್ಸನ್ನೋ ಜ಼ೆಡ್/28 ಎಂಬ ವಿಶೇಷ ಕಮಾರೊವನ್ನೋ ಕತ್ತರಿಸುವುದು ತಪ್ಪು. ಅಂಥದ್ದು ನನ್ನ ಕೈಗೆ ಬಂದಿದ್ದರೆ ಒಂದು ಬೋಲ್ಟನ್ನೂ ಬದಲಾಯಿಸುತ್ತಿರಲಿಲ್ಲ. ನನ್ನ ಕಾರಿನ ಹುಟ್ಟು ಎಂಜಿನ್ 307 ಘನ ಇಂಚಿನದು, ಅದು ಯಾವತ್ತೋ ಹೋಗಿತ್ತು. ನಾನು ಕೊಂಡಾಗ ಇದ್ದದ್ದು ಯಾವುದೋ ಟ್ರಕ್ಕಿನ 350. ಕಾಪಾಡಲು ಅಲ್ಲಿ ಏನೂ ಉಳಿದಿರಲಿಲ್ಲ; ಓಡಿಸಲು ಒಂದು ಒಳ್ಳೆಯ ಕಾರು ಮಾತ್ರ ಆಗಬಹುದಿತ್ತು.

ಓಡಿಸಲು ಅಂದರೆ ಮೊದಲು ನಿಲ್ಲಿಸಲು ಬರಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ಒಂದು ಆಗಸ್ಟ್ ಮಧ್ಯಾಹ್ನ ಹೆಂಡತಿ ಪಕ್ಕದಲ್ಲಿದ್ದಾಗ ವುಡ್‌ವರ್ಡ್‌ನಲ್ಲಿ ಸಾಲಾಗಿ ಎರಡು ಸಲ ಜೋರಾಗಿ ಬ್ರೇಕ್ ಹಾಕಬೇಕಾಯಿತು. ಮೊದಲ ಸಲ ನಿಂತಿತು. ಎರಡನೇ ಸಲ ಪೆಡಲ್ ಕೆಳಗಿಳಿಯುತ್ತಲೇ ಹೋಯಿತು, ಕಾರು ಮುಂದೆ ಹೋಗುತ್ತಲೇ ಇತ್ತು. ಡ್ರಮ್ ಕಾದರೆ ಹಿಗ್ಗುತ್ತದೆ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲು ಜಾಗವೂ ಇಲ್ಲ. ಮುಂದಿನ ವ್ಯಾನಿಗೆ ಒಂದು ಮೊಳ ಉಳಿದಿತ್ತು. ಅವಳು ಮನೆ ಬರುವ ತನಕ ಮಾತಾಡಲಿಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಆಗಿದ್ದು ಎಂಜಿನ್ನಿಗಿಂತ ಮೊದಲು. ಆ ಕ್ರಮವೇ ಸರಿ. ಶಕ್ತಿ ಮೊದಲು ಹಾಕಿ ಬ್ರೇಕ್ ಆಮೇಲೆ ನೋಡೋಣ ಅನ್ನುವವರ ಕಾರಿನಲ್ಲಿ ಕೂರಬೇಡಿ.

ಬ್ರೇಕಿನ ಜೊತೆ ಮೈಯ ಬಿಗಿ. ಈ ಕಮಾರೊಗೆ ಪೂರ್ತಿ ಚಾಸಿ, ಅಂದರೆ ಉದ್ದಕ್ಕೂ ಹರಡಿದ ಕೆಳಗಿನ ಉಕ್ಕಿನ ಚೌಕಟ್ಟು, ಇಲ್ಲ. ಮುಂಭಾಗಕ್ಕೆ ಮಾತ್ರ ಒಂದು ಸಬ್‌ಫ್ರೇಮ್, ಅದು ರಬ್ಬರ್ ಬುಷ್ ಮೇಲೆ ಬೋಲ್ಟಿನಲ್ಲಿ ಕಾರಿನ ಮೈಗೆ ಕೂತಿರುತ್ತದೆ. ಮುಂದಿನ ಒಂದು ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿದರೆ ಬಾಗಿಲಿನ ಸಂದು ಹೆಚ್ಚುಕಡಿಮೆ ಆಗುವುದು ಕಣ್ಣಿಗೇ ಕಾಣುತ್ತಿತ್ತು. ಈಗ ಮುಂದಿನ ಸಬ್‌ಫ್ರೇಮನ್ನು ಹಿಂಭಾಗಕ್ಕೆ ಬೆಸೆಯುವ ಉಕ್ಕಿನ ಕೊಳವೆಗಳಿವೆ. ಬಾಗಿಲು ಎಲ್ಲಿ ನಿಲ್ಲಿಸಿದರೂ ಒಂದೇ ಸದ್ದಿನಲ್ಲಿ ಮುಚ್ಚಿಕೊಳ್ಳುತ್ತದೆ.

ಎಂಜಿನ್ ಎಲ್‌ಎಸ್3, 2008ರ ಕಾರ್ವೆಟ್‌ಗೆ ಬಂದದ್ದು, 6.2 ಲೀಟರ್, 430 ಅಶ್ವಶಕ್ತಿ. 1969ರ 300ಕ್ಕೂ ಇದಕ್ಕೂ ವ್ಯತ್ಯಾಸ 130 ಅಂತ ಲೆಕ್ಕ ಹಾಕಬೇಡಿ. ಆಗ ಎಂಜಿನ್ನನ್ನು ಹೊರಗಿಟ್ಟು, ಅದಕ್ಕೆ ಹೊರೆಯಾಗುವ ಸಾಮಾನೆಲ್ಲ ಕಳಚಿ ಅಳೆಯುತ್ತಿದ್ದರು. 1972ರಿಂದ ಎಲ್ಲ ಜೋಡಿಸಿಕೊಂಡು ಅಳೆದ ಅಂಕಿ ಕೊಡಲು ಶುರು ಮಾಡಿದರು. ನಿಜವಾದ ಅಂತರ ಅದಕ್ಕಿಂತ ದೊಡ್ಡದು. ಆದರೂ ಇದು ಹೊರಗಿನವರ ಎಂಜಿನ್ ಅಲ್ಲ. 1955ರಲ್ಲಿ ಶೆವ್ರೊಲೆ ತಂದ ವಿ8 ಎಂಜಿನ್ ಸ್ಮಾಲ್ ಬ್ಲಾಕ್‌ನಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.4 ಇಂಚು. ಎಲ್‌ಎಸ್‌ನಲ್ಲೂ 4.4 ಇಂಚೇ. ಅದೇ ಪುಶ್‌ರಾಡ್, ಅದೇ ನಡುವಿನಲ್ಲಿ ಕೂತ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ಹಳೆಯ ವ್ಯವಸ್ಥೆಯೇ. ಬ್ಲಾಕ್ ಮಾತ್ರ ಅಲ್ಯುಮಿನಿಯಂ ಆಗಿದೆ, ಮೂಗಿನ ಭಾರ ಇಳಿದಿದೆ. ಅದೇ ಮನೆತನದ ಮೊಮ್ಮಗ ಅನ್ನಿ. ಆರು ಗೇರಿನ ಟ್ರೆಮೆಕ್ ಗೇರ್‌ಬಾಕ್ಸ್ ಕೂರಿಸಲು ನೆಲದ ಟನಲ್, ಅಂದರೆ ಎರಡು ಸೀಟಿನ ನಡುವೆ ಉಬ್ಬಿದ ಭಾಗ, ಕತ್ತರಿಸಿ ಎತ್ತರಿಸಿದ್ದೇನೆ. ಅದನ್ನು ಮರೆಮಾಚುವುದಿಲ್ಲ. ಹಿಂದಿನ ಆಕ್ಸಲ್ ಈ ಶಕ್ತಿಗೆ ತಕ್ಕದ್ದು, ಹೊಸದು. ವೈರಿಂಗ್ ಪೂರ್ತಿ ಹೊಸದು, ಎಸಿ ಇದೆ, ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಇದೆ, ಬಣ್ಣ ಮತ್ತೆ ಆ 57 ನಂಬರಿನ ಹಸಿರು.

ಇಷ್ಟು ಹೇಳಿದರೆ ಕೊಳ್ಳುವವರ ಕಣ್ಣು ಎಂಜಿನ್ ಮೇಲೆ ನಿಲ್ಲುತ್ತದೆ. ನಿಲ್ಲಬೇಕಾದದ್ದು ಬಾಡಿಯ ತಗಡಿನ ಮೇಲೆ. ಎಂಜಿನ್ ಇನ್ನೊಂದು ಸಿಗುತ್ತದೆ. ತುಕ್ಕು ತಿಂದ ಬಾಡಿ ನಿಮ್ಮ ದುಡ್ಡನ್ನೂ ತಿನ್ನುತ್ತದೆ. ಮಿಷಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ, ಡೆಟ್ರಾಯ್ಟ್ ನಗರದ ನೆಲದಡಿಯಲ್ಲೇ ಉಪ್ಪಿನ ಗಣಿಯಿದೆ. ನನ್ನ ಕಾರಿನ ಕೆಂಪು ಬಣ್ಣದ ಮೇಲೆ, ಹಿಂದಿನ ಚಕ್ರದ ಹಿಂಬದಿ, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟೆ. ಬಾಗಿಲಿಗೆ ಅಂಟಿದ್ದು ಅಲ್ಲಿ ಜಾರಿ ನೆಲಕ್ಕೆ ಬಿತ್ತು. ಕೆರೆದಾಗ ತೂತು ಮುಚ್ಚಲು ಮೆತ್ತಿದ್ದ ಅರ್ಧ ಇಂಚು ಪುಟ್ಟಿ, ಅದರ ಹಿಂದೆ ತಗಡೇ ಇಲ್ಲ.

ಅದಕ್ಕಿಂತ ಕೆಟ್ಟ ಜಾಗ ಇನ್ನೊಂದು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಬರಲು ಸೀಳು ಸೀಳಾಗಿ ಬಿಟ್ಟಿರುತ್ತಾರೆ. ಐವತ್ತು ವರ್ಷದ ಎಲೆ, ಕಸ ಅಲ್ಲಿ ಬಿದ್ದು ಕೊಳೆತು ತೇವ ಹಿಡಿದಿರುತ್ತದೆ. ಕಾರ್ಪೆಟ್ ಎತ್ತಿ, ಆ ಸೀಳುಗಳ ಮೇಲೆ ಒಂದು ಚೊಂಬು ನೀರು ಸುರಿದು, ಒಳಗೆ ಕೂತು ಕಾದೆ. ಕ್ಲಚ್ ಪೆಡಲಿನ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಧಾರೆ. ಅದನ್ನು ಸರಿಮಾಡಲು ಮುಂದಿನ ಫೆಂಡರ್‌ಗಳನ್ನು ಬಿಚ್ಚಿ, ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು, ಮೇಲಿನ ತಗಡು ತೆಗೆದು, ಕೊಳೆತದ್ದನ್ನು ಕತ್ತರಿಸಿ ಹೊಸದು ಬೆಸೆಯಬೇಕಾಯಿತು. ಒಂದು ಇಡೀ ಚಳಿಗಾಲ ಅದಕ್ಕೇ ಹೋಯಿತು. ಮುಗಿದ ಮೇಲೆ ಹೊರಗಿನಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಪ್ರತಿ ಹಂತದ ಫೋಟೊ ಇಟ್ಟಿದ್ದೇನೆ: ತೂತಿದ್ದಾಗ, ಕತ್ತರಿಸಿದಾಗ, ಬೆಸೆದಾಗ, ಬಣ್ಣಕ್ಕೆ ಮುಂಚೆ. ಹಳೆಯ ಕಾರನ್ನು ಸುಧಾರಿಸಿ ಮಾರುವ ಯಾರ ಹತ್ತಿರ ಹೋದರೂ ಇಂಥ ಫೋಟೊ ಕೇಳಿ. ಬಣ್ಣ ಬಳಿದ ಮೇಲಿನ ಫೋಟೊಗಳನ್ನಷ್ಟೇ ತೋರಿಸಿದರೆ ಎದ್ದು ಬನ್ನಿ.

ಯಾಕೆ ಮಾರುತ್ತೀರಿ ಅಂತಲೂ ಕೇಳುತ್ತಾರೆ. ಅಮ್ಮ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ, ನಾವು ವಾಪಸ್ ಹೋಗುತ್ತಿದ್ದೇವೆ. “ಕಾರನ್ನೂ ಹಡಗಿಗೆ ಹಾಕೋ, ಚಾಮುಂಡಿ ಬೆಟ್ಟಕ್ಕೆ ಹತ್ತಿಸೋಣ” ಅಂತ ಅಣ್ಣ ಫೋನಿನಲ್ಲಿ ಅಂದ. ನನಗೂ ಆಸೆಯಾಯಿತು, ರಾತ್ರಿಯೆಲ್ಲ ಕೂತು ನಿಯಮ ಓದಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ತಂದಿದೆ. ಐವತ್ತು ವರ್ಷ ದಾಟಿರಬೇಕು, ಅದು ದಾಟಿದೆ. ಆದರೆ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ನನ್ನದರಲ್ಲಿ ಮೂರೂ ಆಗಿವೆ. ಸ್ಟಿಯರಿಂಗ್ ಎಡಗಡೆ ಇರುವುದು ಬೇರೆ. ಅಲ್ಲೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಅಣ್ಣನಿಗೆ ಬೇಡ ಅಂದೆ.

ಶನಿವಾರ ಬೆಳಿಗ್ಗೆ ಟೊಲೆಡೊದಿಂದ ಒಬ್ಬರು ನೋಡಲು ಬರುತ್ತಿದ್ದಾರೆ. ಕಾರ್ಪೆಟ್ ಎತ್ತಿಟ್ಟಿದ್ದೇನೆ, ಟನಲ್ ಕತ್ತರಿಸಿದ್ದು ಕಾಣಲಿ ಅಂತ. ಬೆಂಚಿನ ಮೇಲೆ ರಸೀದಿಗಳ ಫೈಲು, ಫೋಟೊಗಳು, ಅಯಸ್ಕಾಂತ, ಒಂದು ಚೊಂಬು ನೀರು. ಎಸ್‌ಎಸ್ ಬ್ಯಾಡ್ಜ್‌ಗಳು ಇನ್ನೂ ನನ್ನ ಸ್ಪ್ಯಾನರ್ ಡ್ರಾಯರಿನಲ್ಲಿವೆ. ಕಾರಿನ ಜೊತೆ ಅವನ್ನು ಕೊಡುವುದಿಲ್ಲ.