ಕಂಬಿಯ ಹಿಂದಿನಿಂದ ಸಿವಿಲ್ ದಾವೆ: ಪಾಪರ್ ಅರ್ಜಿ ಎಡವುವ ಜಾಗಗಳು

ಜೈಲಿನಲ್ಲಿದ್ದಾರೆ ಎಂಬ ಕಾರಣಕ್ಕೆ ಸಿವಿಲ್ ದಾವೆ ಹೂಡಲು ನಮ್ಮಲ್ಲಿ ಅನುಮತಿ ಬೇಕಿಲ್ಲ. ಕೋರ್ಟ್ ಶುಲ್ಕಕ್ಕೆ ಗತಿಯಿಲ್ಲದಾಗ ಬೇಕು. ನಷ್ಟ ಪರಿಹಾರ ಕೇಳಿದರೆ ಕರ್ನಾಟಕದಲ್ಲಿ ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕ. ಅದನ್ನು ಕಟ್ಟಲಾಗದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33. ಹೆಸರು ‘ನಿರ್ಗತಿಕ ವ್ಯಕ್ತಿಯ ಅರ್ಜಿ’ ಎಂದಾದರೂ ಬಾಯಲ್ಲಿ ಇನ್ನೂ ‘ಪಾಪರ್ ಅರ್ಜಿ’ಯೇ.

ಈ ಅರ್ಜಿಯಲ್ಲಿ ದಾವಾಪತ್ರದ ಎಲ್ಲ ವಿವರದ ಜೊತೆಗೆ ಸ್ಥಿರ, ಚರ ಆಸ್ತಿಯ ಪಟ್ಟಿ, ಅಂದಾಜು ಬೆಲೆ, ಸಹಿ, ಸತ್ಯಾಪನೆ (ಬರೆದದ್ದು ನಿಜವೆಂಬ ದೃಢೀಕರಣ) ಇರಲೇಬೇಕು. ಈ ಪಟ್ಟಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೈಲು ಕೂಲಿಯ ಉಳಿಕೆ, ಅಣ್ಣತಮ್ಮಂದಿರ ಜೊತೆ ಪಹಣಿಯಲ್ಲಿರುವ ಜಂಟಿ ಹೆಸರು, ಎಲ್ಲವನ್ನೂ ಬರೆಯಿರಿ. ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ಕನಿಷ್ಠ 10 ದಿನದ ನೋಟಿಸ್ ಹೋಗುತ್ತದೆ; ಬಿಟ್ಟದ್ದನ್ನು ಅವರು ಹುಡುಕಿ ತರುತ್ತಾರೆ. ಕ್ರಿಮಿನಲ್ ಕೇಸಿನ ಖರ್ಚಿಗೆಂದು ಅರ್ಜಿಗೆ ಹಿಂದಿನ 2 ತಿಂಗಳಲ್ಲಿ ಸೈಟು ಮಾರಿದ್ದರೆ ಕ್ರಯಪತ್ರ, ಹಣ ಹೋದ ಲೆಕ್ಕ ಎರಡನ್ನೂ ಲಗತ್ತಿಸಿ. ಇಲ್ಲವಾದರೆ ಅನುಮತಿ ಗಿಟ್ಟಿಸಲು ಆಸ್ತಿ ಸಾಗಹಾಕಿದರೆಂಬ ಆರೋಪಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ನಿಜವಾದ ತೊಡಕು ಆದೇಶ 33ರ ನಿಯಮ 3. ಅರ್ಜಿದಾರರು ಖುದ್ದಾಗಿ ಸಲ್ಲಿಸಬೇಕು; ಹಾಜರಾತಿಯಿಂದ ವಿನಾಯಿತಿ ಇದ್ದವರಿಗಷ್ಟೇ ಅಧಿಕೃತ ಏಜೆಂಟ್. ವಿನಾಯಿತಿ ಕೊಡುವ ಅದೇ ಸಂಹಿತೆಯ 132, 133ನೇ ಕಲಮುಗಳಲ್ಲಿ ಕೈದಿಯ ಹೆಸರಿಲ್ಲ. ಹಾಗಾಗಿ ಏಜೆಂಟ್ ಮೂಲಕ ಸಲ್ಲಿಸಲು ಅನುಮತಿ ಕೋರುವ ಮಧ್ಯಂತರ ಅರ್ಜಿಯನ್ನೂ ಜೈಲು ಅಧೀಕ್ಷಕರ ಬಂಧನ ದೃಢೀಕರಣವನ್ನೂ ಮೊದಲ ದಿನವೇ ಇಡುವುದು ಜಾಣತನ. ಏಜೆಂಟ್ ಆದವರು ಕೋರ್ಟಿನ ಪ್ರಶ್ನೆಗಳಿಗೆಲ್ಲ ಉತ್ತರಿಸಬಲ್ಲವರಾಗಿರಬೇಕು. ವಕೀಲರ ಗುಮಾಸ್ತರನ್ನು ಕಳಿಸಿದರೆ ಆಸ್ತಿಯ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ಲಿಮಿಟೇಶನ್ ಎಂದರೆ ದಾವೆ ಹೂಡಲು ಇರುವ ಕಾಲಮಿತಿ; ಸೆರೆವಾಸದ ಅವಧಿಯನ್ನು ಅದರ ಲೆಕ್ಕದಿಂದ ಬಿಡುತ್ತಾರೆ ಎಂಬ ನಂಬಿಕೆ ತಪ್ಪು: ಲಿಮಿಟೇಶನ್ ಕಾಯ್ದೆಯ 6ನೇ ಕಲಮು ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರಿಗಷ್ಟೇ. ಆದರೆ ಪಾಪರ್ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನ. ಪ್ರತಿವಾದಿ ಸರ್ಕಾರವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ 2 ತಿಂಗಳ ನೋಟಿಸ್ ಮೊದಲು. ಆ ಅವಧಿ ಲೆಕ್ಕದಿಂದ ಹೊರಗೆ.

ಇಷ್ಟು ಗುದ್ದಾಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೆ ಆದಾಯ ಮಿತಿಯಿಲ್ಲ. ಕೋರ್ಟ್ ಶುಲ್ಕವನ್ನೂ ಭರಿಸುವಂತೆ ಕೇಳಿ. ಎಷ್ಟೋ ಕಡೆ ವಕೀಲರನ್ನು ಮಾತ್ರ ಕೇಳಿ ಸುಮ್ಮನಾಗುತ್ತಾರೆ.

ಪಾಪರ್ ಅರ್ಜಿಗೆ ಅನುಮತಿ ನಿರಾಕರಿಸಿದರೆ ಅದೇ ಬಗೆಯ ಎರಡನೇ ಅರ್ಜಿ ನಡೆಯದು. ಆ ಗಳಿಗೆಯಲ್ಲೇ ನಿಯಮ 15ಎ ಅಡಿ ಶುಲ್ಕ ಕಟ್ಟಲು ಗಡುವು ಬೇಡಿ. ಗಡುವಿನೊಳಗೆ ಕಟ್ಟಿದರೆ ಮೊದಲ ಅರ್ಜಿಯ ತಾರೀಖೇ ಉಳಿಯುತ್ತದೆ.