ಬ್ಲೆಂಡರ್‌ನಲ್ಲಿ ನೋಡ್ ಜಾಲದ ನಕಲು: ಲಕ್ಕುಂಡಿಯ ತಿರುಗಣೆ ಕಂಬ ಕಟ್ಟುತ್ತಾ

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ನೋಡ್ ಎಂಬ ಚಿಕ್ಕ ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ ಆಕಾರ ಕಟ್ಟುವ ವ್ಯವಸ್ಥೆಗೆ ಜಿಯಾಮೆಟ್ರಿ ನೋಡ್ಸ್ ಎನ್ನುತ್ತಾರೆ. ಅದರಲ್ಲಿ ನೋಡ್‌ಗಳ ಗುಂಪೊಂದನ್ನು ನಕಲು ಮಾಡುವ ಮೊದಲು ಒಂದು ವಿಷಯ ತೀರ್ಮಾನಿಸಬೇಕು: ನಿಮಗೆ ಬೇಕಿರುವುದು ಬೇರೆಯೇ ಆದ ಪ್ರತಿಯೋ, ಅಥವಾ ಅದೇ ಜಾಲವನ್ನು ಇನ್ನೊಂದು ಕಡೆ ಬಳಸುವುದೋ? ಇವೆರಡೂ ತೆರೆಯ ಮೇಲೆ ಒಂದೇ ಥರ ಕಾಣುತ್ತವೆ. ಒಂದು ಕಡೆ ತಿದ್ದಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಉದಾಹರಣೆಗೆ ಗದಗಿನ ಹತ್ತಿರದ ಲಕ್ಕುಂಡಿಯ ದೇವಾಲಯಗಳ ಕಂಬಗಳನ್ನೇ ತೆಗೆದುಕೊಳ್ಳೋಣ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಈ ಕಂಬಗಳಲ್ಲಿ ಎತ್ತರಕ್ಕೆ ತಕ್ಕಂತೆ ದಪ್ಪ ಏರಿಳಿಯುತ್ತದೆ, ಸುತ್ತಲೂ ಸಮನಾಗಿರುತ್ತದೆ. ನೋಡ್‌ಗಳಿಗೆ ಹೇಳಿ ಮಾಡಿಸಿದ ಆಕಾರ.

ಜಾಲ ಚಿಕ್ಕದು. ಕರ್ವ್ ಲೈನ್, ಅದರ ಮುಂದೆ ರೀಸ್ಯಾಂಪಲ್ ಕರ್ವ್ (ಕೌಂಟ್ 200), ಆಮೇಲೆ ಸೆಟ್ ಕರ್ವ್ ರೇಡಿಯಸ್, ಕೊನೆಗೆ ಗೆರೆಯನ್ನು ಮೆಶ್ (ಮೇಲ್ಮೈಯ ಜಾಲರಿ) ಆಗಿಸುವ ಕರ್ವ್ ಟು ಮೆಶ್. ಪ್ರೊಫೈಲ್ (ಅಡ್ಡಕೊಯ್ತದ ಆಕಾರ) ಜಾಗಕ್ಕೆ 1 ರೇಡಿಯಸ್‌ನ ಕರ್ವ್ ಸರ್ಕಲ್, ರೆಸಲ್ಯೂಷನ್ 32. ಸ್ಪ್ಲೈನ್ ಪ್ಯಾರಾಮೀಟರ್‌ನ ಫ್ಯಾಕ್ಟರ್ (ಗೆರೆಯ ಬುಡದಿಂದ ತುದಿಯವರೆಗೆ 0ಯಿಂದ 1) ಅನ್ನು ಫ್ಲೋಟ್ ಕರ್ವ್‌ಗೆ ಕೊಟ್ಟು, ಬಂದದ್ದನ್ನು ಗರಿಷ್ಠ ದಪ್ಪದಿಂದ ಗುಣಿಸಿ ರೇಡಿಯಸ್‌ಗೆ ಜೋಡಿಸಿ. ನಿಮ್ಮ ಆವೃತ್ತಿಯ ಕರ್ವ್ ಟು ಮೆಶ್‌ನಲ್ಲಿ ಸ್ಕೇಲ್ ಎಂಬ ಇನ್‌ಪುಟ್ ಇದ್ದರೆ ಅದೇ ಬೆಲೆಯನ್ನು ಅಲ್ಲಿಗೂ ಎಳೆಯಿರಿ. ರೀಸ್ಯಾಂಪಲ್ ಬಿಟ್ಟರೆ ಗೆರೆಯಲ್ಲಿ ಎರಡೇ ಬಿಂದು ಇರುತ್ತವೆ, ಆಗ ಕಂಬದ ಸುತ್ತಲಿನ ಬಳೆಯಂಥ ಉಬ್ಬುಗಳೆಲ್ಲ ಮಾಯವಾಗಿ ಬರೀ ನೀಟ ಕೊಳವೆ ಬರುತ್ತದೆ. ಬಳೆಯ ಅಂಚು ಚೂಪಾಗಿರಬೇಕಾದ ಕಡೆ ಫ್ಲೋಟ್ ಕರ್ವ್‌ನ ಬಿಂದುವನ್ನು ವೆಕ್ಟರ್ ಹ್ಯಾಂಡಲ್ ಮಾಡಿ.

ಈಗ ನಕಲಿನ ಮಾತು. ನೋಡ್‌ಗಳನ್ನು ಆರಿಸಿ ಶಿಫ್ಟ್-ಡಿ ಒತ್ತಿದರೆ ಆರಿಸಿದವುಗಳ ನಡುವಿನ ತಂತಿಗಳು ಮಾತ್ರ ಜೊತೆಗೆ ಬರುತ್ತವೆ, ಹೊರಗಿನಿಂದ ಬರುತ್ತಿದ್ದವು ಕಳಚುತ್ತವೆ. ಆ ತಂತಿಗಳೂ ಬೇಕೆಂದರೆ ಕಂಟ್ರೋಲ್-ಶಿಫ್ಟ್-ಡಿ. ಹೊರಹೋಗುವ ತಂತಿಗಳು ಎರಡರಲ್ಲೂ ಬರುವುದಿಲ್ಲ, ಕೈಯಿಂದಲೇ ಜೋಡಿಸಬೇಕು. ರಿಪೀಟ್ ಅಥವಾ ಸಿಮ್ಯುಲೇಷನ್ ಜೋನ್ (ಒಳಗಿನ ನೋಡ್‌ಗಳನ್ನು ಮತ್ತೆ ಮತ್ತೆ ಓಡಿಸುವ ಭಾಗ) ಇದ್ದರೆ ಅದರ ಎರಡೂ ತುದಿಗಳನ್ನು ಒಟ್ಟಿಗೇ ಆರಿಸಿಕೊಳ್ಳಿ.

ಬಿಡಿ ನೋಡ್‌ಗಳನ್ನು ಹೀಗೆ ನಕಲು ಮಾಡುತ್ತಾ ಹೋಗುವುದು ಎರಡನೇ ಕಂಬಕ್ಕೇ ಸಾಕುಸಾಕಾಗುತ್ತದೆ. ಎಲ್ಲವನ್ನೂ ಆರಿಸಿ ಕಂಟ್ರೋಲ್-ಜಿ ಒತ್ತಿ ಗುಂಪು ಮಾಡಿ, ಎತ್ತರ ಮತ್ತು ದಪ್ಪವನ್ನು ಗ್ರೂಪ್ ಇನ್‌ಪುಟ್‌ಗೆ ಎಳೆದು ಹೊರಗೆ ತನ್ನಿ. ಟ್ಯಾಬ್ ಒತ್ತಿದರೆ ಗುಂಪಿನ ಒಳಗೆ ಹೋಗಿ ಬರಬಹುದು. ಗುಂಪಿನ ನೋಡ್ ಮೇಲೆ ಆಲ್ಟ್-ಡಿ ಒತ್ತಿದರೆ ಎರಡೂ ಕಡೆ ಒಂದೇ ಒಳಜಾಲ. ಶಿಫ್ಟ್-ಡಿ ಏನು ಮಾಡುತ್ತದೆ ಎಂಬುದು ಪ್ರಿಫರೆನ್ಸಸ್‌ನ ಎಡಿಟಿಂಗ್ ಭಾಗದಲ್ಲಿ ಡುಪ್ಲಿಕೇಟ್ ಡೇಟಾ ಕೆಳಗಿನ ನೋಡ್ ಟ್ರೀ ಗುರುತಿನ ಮೇಲಿದೆ. ಆದ್ದರಿಂದ ಕೀಲಿಯನ್ನು ನಂಬಬೇಡಿ, ಗುಂಪಿನ ಹೆಸರಿನ ಪಕ್ಕದ ಅಂಕಿಯನ್ನು ನಂಬಿ. ಅಲ್ಲಿ 2 ಎಂದಿದ್ದರೆ ಎರಡು ಕಡೆ ಒಂದೇ ಜಾಲ ಓಡುತ್ತಿದೆ. ಆ ಅಂಕಿಯನ್ನು ಒತ್ತಿದರೆ ಪ್ರತಿ ಬೇರೆಯಾಗಿ, ಹೆಸರಿನ ಕೊನೆಗೆ .001 ಸೇರುತ್ತದೆ. ಕೂಡಲೇ ಅರ್ಥವಾಗುವ ಹೆಸರಿಡಿ.

ತೊಂದರೆ ಕೊಡುವುದು ಫ್ಲೋಟ್ ಕರ್ವ್. ಎತ್ತರ, ದಪ್ಪಗಳನ್ನು ಪ್ರತಿ ಕಂಬಕ್ಕೂ ಬೇರೆ ಬೇರೆ ಕೊಡಬಹುದು, ಯಾಕೆಂದರೆ ಆ ಬೆಲೆಗಳು ಇನ್‌ಪುಟ್‌ನಲ್ಲಿವೆ. ಫ್ಲೋಟ್ ಕರ್ವ್‌ನಲ್ಲಿ ನೀವು ಬಿಡಿಸಿದ ಗೆರೆ ನೋಡ್‌ನ ಒಳಗೇ ಇರುತ್ತದೆ, ಅದನ್ನು ಗ್ರೂಪ್ ಇನ್‌ಪುಟ್‌ಗೆ ತರಲಾಗದು. ಕಲರ್ ರ‍್ಯಾಂಪ್‌ನದೂ ಇದೇ ಕತೆ. ಹಾಗಾಗಿ ಒಂದು ಕಂಬದ ಬಳೆ ತಿದ್ದಿದರೆ ಎಲ್ಲ ಕಂಬಗಳೂ ಬದಲಾಗುತ್ತವೆ. ಬೇರೆ ಆಕಾರ ಬೇಕಾದಲ್ಲಿ ಮಾತ್ರ ಗುಂಪನ್ನು ಬೇರೆ ಮಾಡಿ, ಉಳಿದಂತೆ ಹಂಚಿಕೊಂಡೇ ಇರಲಿ. ಇನ್ನೊಂದು ಎಚ್ಚರಿಕೆ: ಬೋದಿಗೆಯನ್ನು (ಕಂಬದ ತಲೆಯ ಭಾಗ) ಒಳಗುಂಪಾಗಿ ಮಾಡಿದ್ದರೆ, ಹೊರಗಿನ ಗುಂಪು ಬೇರೆಯಾದರೂ ಒಳಗಿನದು ಹಂಚಿಕೆಯಲ್ಲೇ ಉಳಿಯುತ್ತದೆ. ಟ್ಯಾಬ್ ಒತ್ತಿ ಒಳಗೆ ಹೋಗಿ ಅಲ್ಲಿನ ಅಂಕಿಯನ್ನೂ ಒತ್ತಬೇಕು. ಬೇರೆ ಮಾಡಿದೆವಲ್ಲ, ಆದರೂ ಹಳೆಯದು ಕೆಟ್ಟಿತೇಕೆ ಎಂದು ಹುಡುಕಾಡುವವರು ಮೊದಲು ನೋಡಬೇಕಾದ ಜಾಗ ಇದು.

ಗುಂಪಿನ ಇನ್‌ಪುಟ್‌ಗೆ ಡೀಫಾಲ್ಟ್ ಬೆಲೆ ಬದಲಿಸಿದರೆ ಹೊಸದಾಗಿ ಸೇರಿಸುವ ನೋಡ್‌ಗಳಿಗಷ್ಟೇ ತಗಲುತ್ತದೆ, ಆಗಲೇ ಇಟ್ಟವು ಹಳೆಯ ಬೆಲೆಯನ್ನೇ ಹಿಡಿದಿರುತ್ತವೆ. ಸವೆದ ಕಲ್ಲಿನಂತೆ ಕಾಣಲೆಂದು ಯಾದೃಚ್ಛಿಕ ಏರುಪೇರು ಹಾಕಿದ್ದರೆ ಸೀಡ್ (ಏರುಪೇರನ್ನು ನಿರ್ಧರಿಸುವ ಅಂಕಿ) ಅನ್ನು ಹೊರಗೆ ತನ್ನಿ, ಇಲ್ಲವಾದರೆ ಎಲ್ಲ ಕಂಬಗಳೂ ಒಂದೇ ಕಡೆ ಸವೆದಿರುತ್ತವೆ.

ನವರಂಗದ (ಗರ್ಭಗುಡಿಯ ಮುಂದಿನ ಮಂಟಪ) ನಡುವಿನ ನಾಲ್ಕು ಕಂಬ ಒಂದೇ ಥರದವಾದರೆ ನೋಡ್ ನಕಲು ಬೇಕೇ ಇಲ್ಲ. ಗ್ರಿಡ್‌ನ ವರ್ಟಿಸಸ್ 2 ಮತ್ತು 2, ಸೈಜ್ ಜಾಗಕ್ಕೆ ಅಂಕಣದ (ಕಂಬಗಳ ನಡುವಿನ ಜಾಗದ) ಅಗಲ, ಅದರ ಮೇಲೆ ಪ್ರತಿ ಬಿಂದುವಿನಲ್ಲೂ ಅದೇ ಕಂಬವನ್ನು ನಿಲ್ಲಿಸುವ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್. ಕಂಬದ ಗೆರೆ ಸೊನ್ನೆಯಿಂದ ಮೇಲಕ್ಕೆ ಶುರುವಾಗಲಿ, ಆಗ ಪೀಠ ನೆಲದ ಮೇಲೇ ಕೂರುತ್ತದೆ. ರಿಯಲೈಸ್ ಇನ್‌ಸ್ಟನ್ಸಸ್ ಅನ್ನು ಅಗತ್ಯ ಬೀಳುವವರೆಗೆ ಹಾಕಬೇಡಿ, ಹಾಕಿದರೆ ಪ್ರತಿ ಕಂಬವೂ ನಿಜವಾದ ಮೆಶ್ ಆಗಿ ಮೆಮೊರಿ ತಿನ್ನುತ್ತದೆ.

ಇನ್ನೊಂದು ಫೈಲಿಗೆ ಒಯ್ಯಲು ಫೈಲ್ ಮೆನುವಿನ ಅಪೆಂಡ್ ತೆರೆದು, ಹಳೆಯ ಫೈಲಿನೊಳಗಿನ ನೋಡ್‌ಟ್ರೀ ಫೋಲ್ಡರ್‌ನಿಂದ ಗುಂಪನ್ನು ಆರಿಸಿ. ಅಪೆಂಡ್ ಸ್ವತಂತ್ರ ಪ್ರತಿ ತರುತ್ತದೆ. ಮೂಲದಲ್ಲಿ ತಿದ್ದಿದ್ದು ಎಲ್ಲ ಫೈಲುಗಳಿಗೂ ತಲುಪಬೇಕಿದ್ದರೆ ಲಿಂಕ್ ಬಳಸಿ. ಸದ್ಯ ಎಲ್ಲೂ ಬಳಸದ ಗುಂಪಿಗೆ ಗುರಾಣಿ ಗುರುತು ಒತ್ತಿ ಫೇಕ್ ಯೂಸರ್ (ಬಳಕೆಯಲ್ಲಿದೆ ಎಂಬ ಗುರುತು) ಕೊಟ್ಟಿಡಿ, ಇಲ್ಲದಿದ್ದರೆ ಉಳಿಸಿ ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ಅದು ಫೈಲಿನಲ್ಲಿ ಇರುವುದಿಲ್ಲ.