ಟೇಕ್ ಯುವರ್ ಓನ್ ಸ್ವೀಟ್ ಟೈಮ್

ಸೋಮವಾರ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, ರಿಪೋರ್ಟ್ ಎಲ್ಲಿಗೆ ಬಂತು ಅಂದರು. ಸ್ವಲ್ಪ ಬಾಕಿ ಇದೆ ಸರ್ ಅಂದೆ. "ಟೇಕ್ ಯುವರ್ ಓನ್ ಸ್ವೀಟ್ ಟೈಮ್" ಎಂದು ಮುಗುಳ್ನಕ್ಕು ಹೋದರು.

ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿ, ಬುಧವಾರ ಸಂಜೆ ಆರಾಮಾಗಿ ಕಳಿಸಿದೆ. ಬಂದ ಉತ್ತರ ಒಂದೇ ಪದ: "ಫೈನಲಿ."

ಪಕ್ಕದ ಸೀಟಿನ ಗೆಳತಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಅದು ಬೈದಿದ್ದು ಕಣೇ!"

ಡಿಕ್ಷನರಿ ತೆಗೆದೆ. ಹೌದು. 'ಟೇಕ್ ಯುವರ್ ಟೈಮ್' ಅಂದರೆ ಅವಸರ ಬೇಡ ಅಂತ. ನಡುವೆ 'ಓನ್ ಸ್ವೀಟ್' ಸೇರಿದರೆ, ಉಳಿದವರು ಕಾಯುತ್ತಿದ್ದರೂ ನಿನಗೆ ಲೆಕ್ಕಕ್ಕಿಲ್ಲ ಅನ್ನೋ ಕೊಂಕು. ಆ ಮುಗುಳ್ನಗೆ ಈಗ ಬೇರೆಯಾಗಿ ಕಾಣತೊಡಗಿತು. ಅಷ್ಟು ಅವಸರ ಇದ್ದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು, ಅಲ್ವಾ? ಅವರದ್ದು ಮೊದಲಿಂದಲೂ ಹಾಗೇ, ಎಲ್ಲವೂ ಸುತ್ತುಬಳಸು.

ಡಿಕ್ಷನರಿ ಮುಚ್ಚಲಿಲ್ಲ. ಈ ಸ್ವೀಟ್ ಎಷ್ಟೊಂದು ವೇಷ ಹಾಕುತ್ತದೆ! ಉಪ್ಪಿಲ್ಲದ ನೀರು ಸ್ವೀಟ್ ವಾಟರ್. ನಾವೂ ಸಿಹಿನೀರು ಅನ್ನುತ್ತೇವೆ. ಸ್ವೀಟ್‌ಮೀಟ್ ಅಂದರೆ ಮಿಠಾಯಿ, ಅದರಲ್ಲಿ ಮಾಂಸ ಇಲ್ಲ, ಹಿಂದೆ ಮೀಟ್ ಅಂದರೆ ಯಾವುದೇ ಆಹಾರ. ಸ್ವೀಟ್‌ಬ್ರೆಡ್‌ನಲ್ಲೋ ಬ್ರೆಡ್ಡೇ ಇಲ್ಲ, ಅದು ಕರುವಿನದೋ ಕುರಿಮರಿಯದೋ ಗ್ರಂಥಿಯ ಮಾಂಸ. ಸ್ವೀಟ್ ಟಾಕ್ ಅಂದರೆ ಬೆಣ್ಣೆ ಹಚ್ಚುವುದು. ಸ್ವೀಟ್‌ಹಾರ್ಟ್ ಅಂದರೆ ನಮ್ಮ ಇನಿಯ. ಅಲ್ಲೂ 'ಇನಿ' ಅಂದರೆ ಸಿಹಿಯೇ. ಇನ್ನೂ ಮಜಾ ಅಂದರೆ, ಸ್ವೀಟ್‌ಗೂ ಸಂಸ್ಕೃತದ 'ಸ್ವಾದು'ವಿಗೂ ಮೂಲ ಒಂದೇ. ನಾವು ಸ್ವಾದ ಅನ್ನುವಾಗಲೆಲ್ಲ ಅದರ ದೂರದ ನೆಂಟನನ್ನೇ ಕರೆಯುತ್ತಿದ್ದೇವೆ.

ಇಷ್ಟೆಲ್ಲ ಓದಿದರೂ ಮನಸ್ಸು ಮತ್ತೆ ಆ ಮೇಜಿನ ಹತ್ತಿರಕ್ಕೇ ಹೋಗುತ್ತಿತ್ತು. ಟೇಕ್ ಯುವರ್ ಓನ್ ಸ್ವೀಟ್ ಟೈಮ್. ಇದನ್ನೇ ಅವರು "ಪುರುಸೊತ್ತಾದಾಗ ಮಾಡು ಮಹರಾಯ್ತಿ" ಅಂದಿದ್ದರೆ? ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದೆ. ಮಹರಾಯ್ತಿ ಅಂದರೆ ಪಟ್ಟ ಕಟ್ಟಿದರು ಅಂತ ಯಾರೂ ತಿಳಿಯುವುದಿಲ್ಲ. "ಭಾರಿ ಒಳ್ಳೆ ಕೆಲಸ ಮಾಡಿದೆ" ಅಂದರೆ ಏನೋ ಎಡವಟ್ಟಾಗಿದೆ ಅಂತ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಕನ್ನಡವನ್ನು ನಾನು ಬೈಸಿಕೊಂಡು, ಮುದ್ದು ಮಾಡಿಸಿಕೊಂಡು ಕಲಿತೆ. ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ. ಅಲ್ಲಿ ಸ್ವೀಟ್ ಅಂದರೆ ಸಿಹಿ, ಪಕ್ಕದಲ್ಲೊಂದು ಚಿತ್ರ, ಅಷ್ಟೇ. ಯಾವ ದನಿಯಲ್ಲಿ ಹೇಳಿದರೆ ಅದು ಕಹಿಯಾಗುತ್ತದೆ ಅಂತ ಯಾವ ಟೀಚರೂ ಹೇಳಿಕೊಡಲಿಲ್ಲ.

ನಿನ್ನೆ ಇನ್ನೊಂದು ಫೈಲನ್ನು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಕಳಿಸಿದೆ. ತಕ್ಷಣ ಉತ್ತರ ಬಂತು: "ಸ್ವೀಟ್!"

ಹೊಗಳಿದ್ದಾ, ಮತ್ತೆ ಕುಟುಕಿದ್ದಾ? ಕೇಳೋಣ ಅಂತ ಪಕ್ಕಕ್ಕೆ ತಿರುಗಿದರೆ ಗೆಳತಿ ರಜೆ.